ಸೋನ್ ಯೊನ್-ಜೇ ಯಾರು, ಯಾಕಿಷ್ಟು ಹೆಸರು? ಹುಬ್ಬಳ್ಳಿ-ಧಾರವಾಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಕೊರಿಯಾದ ಸೀರಿಯಲ್ ನೋಡುವ ನಮ್ಮ ಹುಡುಗಿಯರಿಗೆ ಮೊಬೈಲ್‌ನಲ್ಲಿ ಹೇಗೋ ಜಿಮ್ನಾಸ್ಟ್ ಸೋನ್ ಯೊನ್-ಜೇ ಸಿಕ್ಕಿದ್ದಾಳೆ. ಎಲ್ಲಾ ಹಳೆಯ ವಿಡಿಯೊಗಳು. ಆದರೂ ಸೂಟಿ ಬಿಟ್ಟರೆ ಸಾಕು, ಅದೇ ಮಾತು. ಅವರ ಅಮ್ಮಂದಿರು ಪೇರೆಂಟ್ಸ್ ಮೀಟಿಂಗ್‌ಗೆ ಬಂದರೆ ಮಾರ್ಕ್ಸ್ ಮಾತು ಮುಗಿಯುವ ಮೊದಲೇ "ಇದನ್ನ ಇಲ್ಲೆ ಎಲ್ಲೆರ ಕಲಸ್ತಾರೇನ್ರಿ ಮೇಡಂ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಸೋನ್ ಯೊನ್-ಜೇ ಅಂದರೆ ಯಾರು?

ದಕ್ಷಿಣ ಕೊರಿಯಾದ ರಿದಮಿಕ್ ಜಿಮ್ನಾಸ್ಟ್. 1994ರ ಮೇ 28ರಂದು ಸೋಲ್ ನಗರದಲ್ಲಿ ಹುಟ್ಟಿದ್ದು. ಚಿಕ್ಕಂದಿನಲ್ಲೇ ಶುರು ಮಾಡಿ, 2010ಕ್ಕೆ ಸೀನಿಯರ್ ಆಗಿ, 2017ರ ಫೆಬ್ರುವರಿಯಲ್ಲಿ ನಿವೃತ್ತಿ ಹೇಳಿದರು. ಹುಡುಗಿಯರು ಈಗ ನೋಡುತ್ತಿರುವುದು ಆಕೆ ಹದಿನಾರರಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಮಾಡಿದ್ದು. ಈಗಲೂ ಸ್ಪರ್ಧೆಗೆ ಇಳಿಯುತ್ತಾಳೆ ಅಂತ ಕೆಲವರು ತಿಳಿದಿದ್ದಾರೆ. ಇಲ್ಲ.

ಇದು ಡಾನ್ಸಾ, ಜಿಮ್ನಾಸ್ಟಿಕ್ಸಾ?

ಜಿಮ್ನಾಸ್ಟಿಕ್ಸೇ. ಆದರೆ ದೀಪಾ ಕರ್ಮಾಕರ್ ಮಾಡಿದ ವಾಲ್ಟ್ ನೋಡಿ ಇದೂ ಹಾಗೇ ಅಂದುಕೊಳ್ಳಬೇಡಿ. ಅದು ಆರ್ಟಿಸ್ಟಿಕ್. ಅಲ್ಲಿ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾರೆ. ರಿದಮಿಕ್‌ನಲ್ಲಿ ಹಾಗೆ ಹಾರಿ ಪಲ್ಟಿ ಹೊಡೆಯುವಂತಿಲ್ಲ. ಕೈಯಲ್ಲಿ ಒಂದು ಸಾಮಾನು ಇರಬೇಕು: ಹೂಪ್ (ದೊಡ್ಡ ಬಳೆ), ಬಾಲ್, ಕ್ಲಬ್ಸ್, ಇಲ್ಲವೇ ರಿಬ್ಬನ್. ಹಗ್ಗವೂ ಇತ್ತು, ಸೀನಿಯರ್ ವೈಯಕ್ತಿಕ ವಿಭಾಗದಲ್ಲಿ ಈಗ ಬಿಟ್ಟಿದ್ದಾರೆ. 13 ಮೀಟರ್ ಉದ್ದ, 13 ಮೀಟರ್ ಅಗಲದ ಕಾರ್ಪೆಟ್. ಒಂದೂಕಾಲು ನಿಮಿಷದಿಂದ ಒಂದೂವರೆ ನಿಮಿಷದೊಳಗೆ ಸಂಗೀತಕ್ಕೆ ತಕ್ಕಂತೆ ಎಲ್ಲಾ ಮುಗಿಯಬೇಕು. ಒಲಿಂಪಿಕ್ಸ್‌ನಲ್ಲಿ ಇದು ಹೆಂಗಸರಿಗೆ ಮಾತ್ರ, 1984ರ ಲಾಸ್ ಏಂಜಲೀಸ್‌ನಿಂದ ಇದೆ.

ಇದರಲ್ಲಿ ಕ್ಲಬ್ಸ್ ಅಂದರೆ ನಮ್ಮವರಿಗೆ ಹೊಸದೇನಲ್ಲ. ಗರಡಿಮನೆಯಲ್ಲಿ ಪೈಲ್ವಾನರು ತಿರುಗಿಸುವ ಕಟ್ಟಿಗೆಯ ಗದೆಗಳನ್ನು ನೋಡಿ ಬ್ರಿಟಿಷ್ ಸೈನಿಕರು ಕಲಿತು ಊರಿಗೆ ಒಯ್ದರು. ಯುರೋಪ್, ಅಮೆರಿಕದಲ್ಲಿ "ಇಂಡಿಯನ್ ಕ್ಲಬ್ಸ್" ಅಂತ ಅದು ಫ್ಯಾಷನ್ ಆಯಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಗಂಡಸರು ಅದನ್ನೇ ತಿರುಗಿಸಿ ಪದಕ ತೆಗೆದುಕೊಂಡರು. ಕೊನೆಗೆ ಸಣ್ಣದಾಗಿ, ಹಗುರಾಗಿ, ಒಂದೊಂದು 150 ಗ್ರಾಂ ತೂಕಕ್ಕೆ ಇಳಿದು ಹುಡುಗಿಯರ ಕೈಗೆ ಬಂತು. ಗರಡಿಮನೆಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ನಗುತ್ತಾರೆ.

ಆಕೆ ಒಲಿಂಪಿಕ್ಸ್ ಪದಕ ಗೆದ್ದಿದ್ದಾರಾ?

ಇಲ್ಲ. 2012ರ ಲಂಡನ್‌ನಲ್ಲಿ 5ನೇ ಸ್ಥಾನ, 2016ರ ರಿಯೊದಲ್ಲಿ 4ನೇ ಸ್ಥಾನ.

5ರಿಂದ 4ಕ್ಕೆ ಬಂದರು, ಅಂದರೆ ಪದಕಕ್ಕೆ ಹತ್ತಿರ ಆದರು ಅಂತ ಅನಿಸುತ್ತದೆ ಅಲ್ವಾ? ಅಂಕ ನೋಡಿದರೆ ಲೆಕ್ಕ ಉಲ್ಟಾ. ಲಂಡನ್‌ನಲ್ಲಿ ಒಂದೊಂದು ಸಾಮಾನಿಗೆ 30ರಂತೆ ಒಟ್ಟು 120ಕ್ಕೆ ಆಕೆಗೆ ಬಂದಿದ್ದು 111.475. ಕಂಚು ಗೆದ್ದ ಬೆಲಾರಸ್‌ನ ಲ್ಯುಬೊವ್ ಚರ್ಕಾಶಿನಾಗೆ 111.700. ನಡುವೆ ಇದ್ದದ್ದು 0.225 ಮಾತ್ರ. ಹೂಪ್, ಬಾಲ್, ರಿಬ್ಬನ್ ಮೂರರಲ್ಲೂ ಆಕೆ 28ರ ಮೇಲೆ ತೆಗೆದರು. ಕ್ಲಬ್ಸ್‌ನಲ್ಲಿ ಮಾತ್ರ 26.750. ಅದೊಂದು ಸರಿಯಾಗಿದ್ದರೆ ಪದಕ ಕೊರಳಲ್ಲಿ ಇರುತ್ತಿತ್ತು.

ರಿಯೊದಲ್ಲಿ ಅಂಥ ತಪ್ಪು ಯಾವುದೂ ಆಗಲಿಲ್ಲ. ನಾಲ್ಕೂ ಸಾಮಾನುಗಳಲ್ಲಿ 20ಕ್ಕೆ 18ರ ಮೇಲೆ, ಒಟ್ಟು 80ಕ್ಕೆ 72.898. ಆದರೆ ಮೂರನೇ ಸ್ಥಾನದ ಉಕ್ರೇನ್‌ನ ಗಾನ್ನಾ ರಿಜಾಟ್ಡಿನೋವಾ 73.583 ತೆಗೆದಿದ್ದರು. ನನ್ನನ್ನು ಕೇಳಿದರೆ ರಿಯೊದ ಸೋನ್ ಲಂಡನ್‌ನ ಸೋನ್‌ಗಿಂತ ಎಷ್ಟೋ ಪಾಲು ಉತ್ತಮ ಜಿಮ್ನಾಸ್ಟ್. ಎದುರಿದ್ದವರೂ ಅಷ್ಟೇ ಬೆಳೆದಿದ್ದರು. ಅದೇ ರಿಯೊದಲ್ಲಿ, ಒಂದು ವಾರ ಮೊದಲು, ನಮ್ಮ ದೀಪಾ ಕರ್ಮಾಕರ್ ಕೂಡ ವಾಲ್ಟ್‌ನಲ್ಲಿ 4ನೇ ಸ್ಥಾನಕ್ಕೇ ನಿಂತಿದ್ದು. ಹುಡುಗಿಯರಿಗೆ ಇದನ್ನು ಹೇಳಿದರೆ "ಇಬ್ಬರಿಗೂ ಹಂಗ ಆತಲ್ರಿ ಮಿಸ್" ಅಂತಾರೆ.

ಹಾಗಾದರೆ ಏನು ಗೆದ್ದರು?

ಬಹಳ ಗೆದ್ದಿದ್ದಾರೆ. 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು, ಆಗ ಹದಿನಾರು ವರ್ಷ. 2013ರಲ್ಲಿ ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್. 2014ರಲ್ಲಿ ಲಿಸ್ಬನ್ ವಿಶ್ವಕಪ್‌ನಲ್ಲಿ ಆಲ್‌ರೌಂಡ್ (ನಾಲ್ಕೂ ಸಾಮಾನಿನ ಅಂಕ ಕೂಡಿಸಿ ಕೊಡುವ) ಚಿನ್ನ, ಇಜ್ಮೀರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೂಪ್‌ಗೆ ಕಂಚು, ಆಮೇಲೆ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 2015ರಲ್ಲಿ ಗ್ವಾಂಗ್‌ಜುನಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲೂ ಚಿನ್ನ.

ಇದರಲ್ಲಿ ಇಂಚಾನ್ ಮುಖ್ಯ. ಅದು ಕೊರಿಯಾದ್ದೇ ಊರು, ಸೋಲ್‌ನ ಮಗ್ಗುಲಲ್ಲೇ ಇದೆ. ಏಷ್ಯನ್ ಗೇಮ್ಸ್ ರಿದಮಿಕ್‌ನಲ್ಲಿ ಕೊರಿಯಾಕ್ಕೆ ಅದು ಮೊದಲ ಚಿನ್ನ. 71.699 ಅಂಕ. ಚೀನಾದ ಡೆಂಗ್ ಸೆನ್‌ಯುಎ ಎರಡನೆಯವರಾದರು.

ಒಲಿಂಪಿಕ್ಸ್ ಪದಕವೇ ಇಲ್ಲ, ಆದರೂ ಇಷ್ಟು ಫೇಮಸ್ ಹೇಗೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಉತ್ತರ ಸ್ವಲ್ಪ ಉದ್ದ.

ಮೊದಲನೆಯದು ಸಮಯ. 2010ರ ಫೆಬ್ರುವರಿಯಲ್ಲಿ ಕಿಮ್ ಯೂನಾ ಫಿಗರ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದರು. ಇಡೀ ಕೊರಿಯಾ ಹುಚ್ಚೆದ್ದು ಹೋಯಿತು. ಸಂಗೀತಕ್ಕೆ ತಕ್ಕಂತೆ ಆಡುವ, ಒಬ್ಬಳೇ ನಿಂತು ಯುರೋಪಿನವರನ್ನು ಎದುರಿಸುವ ಹುಡುಗಿ ಅಂದರೆ ಜನಕ್ಕೆ ಅರ್ಥವಾಗುವ ಹೊತ್ತದು. ಅದೇ ವರ್ಷ ಸೋನ್ ಸೀನಿಯರ್ ಆಗಿ ಬಂದರು. ಪತ್ರಿಕೆಗಳು ಆಕೆಗೆ "ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಯಕ್ಷಿಣಿ" ಅಂತ ಹೆಸರಿಟ್ಟವು.

ಎರಡನೆಯದು, ಆ ದಾರಿಯಲ್ಲಿ ಆಕೆಗಿಂತ ಮುಂದೆ ಹೋದ ಕೊರಿಯಾದವರು ಯಾರೂ ಇರಲಿಲ್ಲ. ಶಿನ್ ಸೂ-ಜಿ ಅನ್ನುವವರು 2008ರ ಬೀಜಿಂಗ್‌ಗೆ ಹೋಗಿದ್ದರು, ಫೈನಲ್ ಸಿಗಲಿಲ್ಲ. ಫೈನಲ್‌ವರೆಗೆ ಹೋದ ಮೊದಲ ಕೊರಿಯಾದವರು ಸೋನ್. ರಷ್ಯಾ, ಉಕ್ರೇನ್, ಬೆಲಾರಸ್, ಬಲ್ಗೇರಿಯಾದವರದ್ದೇ ಕಾರುಬಾರು ಇದ್ದ ಆಟ ಇದು. ಅವರ ನಡುವೆ ಏಷ್ಯಾದ ಹುಡುಗಿಯೊಬ್ಬಳು 5ನೇ ಸ್ಥಾನ ಪಡೆದಾಗ ಅವರ ಊರಿನಲ್ಲಿ ಅದು ಪದಕದಷ್ಟೇ ದೊಡ್ಡದಾಯಿತು.

ಮೂರನೆಯದು ರೂಪ. ಇದನ್ನು ಮುಚ್ಚಿಡುವುದು ಬೇಡ. ಜಾಹೀರಾತಿನವರು ಆಕೆಯ ಮನೆ ಬಾಗಿಲಿಗೆ ಸಾಲುಗಟ್ಟಿದ್ದು ರಿಬ್ಬನ್ ಚೆನ್ನಾಗಿ ತಿರುಗಿಸುತ್ತಾಳೆ ಅಂತ ಅಷ್ಟೇ ಅಲ್ಲ. ಏರ್ ಕಂಡೀಷನರ್ ಕಂಪನಿಯೊಂದು ಆಕೆಯ ಹೆಸರಲ್ಲಿ ಸೋಲ್‌ನಲ್ಲಿ ದೊಡ್ಡ ಶೋಗಳನ್ನೇ ನಡೆಸಿತು. ವಿದೇಶದ ಚಾಂಪಿಯನ್‌ಗಳು ಬಂದು ಆಡಿದರು, ಜನ ಟಿಕೆಟ್ ಕೊಂಡು ನೋಡಿದರು. ಟಿವಿ ಕಾರ್ಯಕ್ರಮಗಳಲ್ಲೂ ಬಂದರು. ನಮ್ಮ ಹುಡುಗಿಯರೂ ಮೊದಲು ಹೇಳುವುದು "ಆಕಿ ಭಾಳ ಚೆಂದ ಅದಾಳ್ರಿ" ಅಂತಲೇ. ಇರಲಿ. ಆದರೆ ಚೆಂದದ ಮುಖ ಇದ್ದವರಿಗೆಲ್ಲಾ ನಾಲ್ಕು ಸಾಮಾನಿನಲ್ಲಿ 18 ದಾಟುವುದಕ್ಕೆ ಆಗುವುದಿಲ್ಲ. ಮುಖ ನೋಡಿ ಬಂದ ಜನ ಆಟ ನೋಡುತ್ತಾ ಕುಳಿತರು. ಹೂಪ್‌ಗೂ ಬಾಲ್‌ಗೂ ವ್ಯತ್ಯಾಸ ಗೊತ್ತಿಲ್ಲದವರು ಅಂಕ ಎಣಿಸಲು ಕಲಿತರು. ಆಕೆಯ ದೊಡ್ಡ ಕೆಲಸ ಅದೇ ಅಂತ ನನಗೆ ಅನಿಸುತ್ತದೆ.

ಶೂ ಬಿಚ್ಚಿಹೋದ ಕಥೆ ನಿಜಾನಾ?

ನಿಜ. ಲಂಡನ್‌ನಲ್ಲಿ ಅರ್ಹತಾ ಸುತ್ತು, ಕ್ಲಬ್ಸ್ ನಡೆದಿದೆ. ಕಾಲಿನ ಒಂದು ಶೂ ಕಳಚಿಕೊಂಡಿತು. ಇದು ನಾವು ಹಾಕುವಂಥ ಶೂ ಅಲ್ಲ. ಬೆರಳು ಮತ್ತು ಮುಂಗಾಲು ಮಾತ್ರ ಮುಚ್ಚುವ, ಹಿಮ್ಮಡಿ ಬಯಲಿರುವ ಅರ್ಧ ಕವಚ. ಅದಿಲ್ಲದೆ ಬರಿಗಾಲಿನ ಚರ್ಮ ಕಾರ್ಪೆಟ್‌ಗೆ ಹಿಡಿದುಕೊಳ್ಳುತ್ತದೆ, ಒಂಟಿಗಾಲಲ್ಲಿ ಗರಗರ ತಿರುಗುವುದು ಕಷ್ಟ, ಸುಟ್ಟಂತೆ ಉರಿಯುತ್ತದೆ. ನಿಲ್ಲಿಸಿ ಹಾಕಿಕೊಳ್ಳುವ ಹಾಗಿಲ್ಲ. ಸಂಗೀತ ಕಾಯುವುದಿಲ್ಲ. ಆಕೆ ಹಾಗೇ ಮುಗಿಸಿದರು, ಫೈನಲ್‌ಗೂ ಹೋದರು.

ನಮ್ಮಲ್ಲಿ ಖೊಖೊ ಆಡುವಾಗ ಶೂ ಲೇಸ್ ಬಿಚ್ಚಿದರೆ ಕೈ ಎತ್ತಿ ನಿಲ್ಲುವ ಮಕ್ಕಳಿಗೆ ಈ ವಿಡಿಯೊ ತೋರಿಸಿದ್ದೇನೆ. ಪರಿಣಾಮ ಎರಡು ದಿನ ಇತ್ತು.

ತನ್ನ ಊರು ಬಿಟ್ಟು ರಷ್ಯಾಕ್ಕೆ ಯಾಕೆ ಹೋದರು?

ಕಲಿಸುವವರು ಅಲ್ಲಿದ್ದರು, ಅದಕ್ಕೆ. ಮಾಸ್ಕೋ ಹತ್ತಿರದ ನೊವೊಗೊರ್ಸ್ಕ್‌ನಲ್ಲಿ ರಷ್ಯಾ ತಂಡದ ತರಬೇತಿ ಕೇಂದ್ರ ಇದೆ. ಒಲಿಂಪಿಕ್ಸ್ ವೈಯಕ್ತಿಕ ಚಿನ್ನವನ್ನು ಎರಡು ಸಲ ಗೆದ್ದ ಏಕೈಕ ಜಿಮ್ನಾಸ್ಟ್ ಯೆವ್ಗೇನಿಯಾ ಕನಾಯೆವಾ ಕೂಡ ಅಲ್ಲೇ ಅಭ್ಯಾಸ ಮಾಡಿದವರು. ಹದಿಹರೆಯದ ಹುಡುಗಿ, ಬೇರೆ ಭಾಷೆ, ಬೇರೆ ಊಟ, ಎದುರಾಳಿಗಳ ಜೊತೆಗೇ ಅಭ್ಯಾಸ. ವರ್ಷದ ಹೆಚ್ಚು ಕಾಲ ಅಲ್ಲೇ ಕಳೆದರು.

ಊರು ಬಿಡುವುದು ನಮ್ಮ ಭಾಗಕ್ಕೂ ಗೊತ್ತಿರುವುದೇ. ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ದಿನಾ ಬೆಳಿಗ್ಗೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಮತ್ತೆ ಗದಗಿಗೆ ಹೋಗಿ ಶಾಲೆಗೆ ಕೂರುತ್ತಿದ್ದರು. ಆಮೇಲೆ ಭಾರತಕ್ಕೆ ಟೆಸ್ಟ್ ಆಡಿದರು. ಆದರೆ ಅವರು ಸಂಜೆಗೆ ತಮ್ಮ ಮನೆಯಲ್ಲೇ ಇರುತ್ತಿದ್ದರು.

ಎಲ್ಲರೂ ಆಕೆಯನ್ನು ಹೊಗಳಿದ್ದಾರಾ?

ಇಲ್ಲ. ಬೈದವರೂ ಬೇಕಾದಷ್ಟು ಜನ. ಅಂಕಕ್ಕಿಂತ ಜಾಹೀರಾತು ಜಾಸ್ತಿ ಅಂತ ಮೊದಲಿಂದಲೂ ಕೊಂಕು ಇತ್ತು. 2016ರ ಕೊನೆಗೆ ಕೊರಿಯಾದಲ್ಲಿ ಅಧ್ಯಕ್ಷೆಯ ಹುದ್ದೆಗೇ ಕುತ್ತು ತಂದ ಹಗರಣ ಬಂತಲ್ಲ, ಆಗ 2014ರಲ್ಲಿ ಸರ್ಕಾರದ ಹೊಸ ವ್ಯಾಯಾಮವೊಂದರ ಪ್ರದರ್ಶನಕ್ಕೆ ಆಕೆ ಹೋಗಿದ್ದನ್ನು ಜನ ಎಳೆದು ತಂದರು. ಆ ವ್ಯಾಯಾಮದ ಯೋಜನೆಗೂ ಹಗರಣದವರಿಗೂ ನಂಟಿತ್ತು. ಕರೆದರು, ಇಪ್ಪತ್ತರ ಹುಡುಗಿ ಹೋದಳು. ಕಾಮೆಂಟ್ ಹಾಕುವವರಿಗೆ ಅಷ್ಟು ಸಾಕಾಯಿತು. ನಿವೃತ್ತಿ ಬಂದಿದ್ದು ಕೆಲವೇ ತಿಂಗಳ ನಂತರ.

ಮಗಳು ಫೇಮಸ್ ಆಗಬೇಕು ಅನ್ನುವ ತಾಯಂದಿರು ಈ ಭಾಗವನ್ನು ಎರಡು ಸಲ ಓದಿ.

ಇಪ್ಪತ್ತೆರಡಕ್ಕೇ ಯಾಕೆ ಬಿಟ್ಟರು?

ಈ ಆಟದಲ್ಲಿ ಅದು ತೀರಾ ಬೇಗ ಏನಲ್ಲ. ಕನಾಯೆವಾ ಕೂಡ ಇಪ್ಪತ್ತೆರಡಕ್ಕೇ ಬಿಟ್ಟರು. ಬೆನ್ನು, ಸೊಂಟ, ಹಿಮ್ಮಡಿಯ ಕೀಲು, ಇವು ವರ್ಷಾನುಗಟ್ಟಲೆ ಒಂದೇ ಕಡೆ ಬಗ್ಗಿ ಬಗ್ಗಿ ಸವೆದಿರುತ್ತವೆ. ಈಗ ಸೋನ್ ಸೋಲ್‌ನಲ್ಲಿ ಮಕ್ಕಳಿಗೆ ಕಲಿಸುವ ಅಕಾಡೆಮಿ ನಡೆಸುತ್ತಾರೆ.

ಆಕೆಯ ನಂತರ ಯಾರನ್ನು ನೋಡಬೇಕು?

ಜರ್ಮನಿಯ ದಾರ್ಯಾ ವರ್ಫೊಲೊಮೇಯೆವ್. ರಷ್ಯಾದ ಬರ್ನಾಉಲ್‌ನಲ್ಲಿ 2006ರಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೆ ಜರ್ಮನಿಗೆ ಹೋದ ಹುಡುಗಿ. 2023ರ ವಲೆನ್ಸಿಯಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವೈಯಕ್ತಿಕ ವಿಭಾಗದ ಐದೂ ಚಿನ್ನ (ನಾಲ್ಕು ಸಾಮಾನಿಗೆ ಒಂದೊಂದು, ಒಟ್ಟು ಅಂಕಕ್ಕೆ ಒಂದು) ಒಬ್ಬಳೇ ತೆಗೆದಳು. 2024ರ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನವೂ ಆಕೆಯದೇ. ಕ್ಲಬ್ಸ್ ವಿಡಿಯೊ ಮೊದಲು ನೋಡಿ.

ಭಾರತದಲ್ಲಿ ಯಾರೂ ಇಲ್ವಾ?

ಇದ್ದಾರೆ, ನಮಗೆ ಗೊತ್ತಿಲ್ಲ ಅಷ್ಟೇ. ಹೈದರಾಬಾದ್‌ನ ಮೇಘನಾ ರೆಡ್ಡಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಆಡಿದರು. ಜಮ್ಮುವಿನ ಬವ್ಲೀನ್ ಕೌರ್ 2022ರ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ದೇಶದೊಳಗೆ ಮಹಾರಾಷ್ಟ್ರದವರು ಬಲವಾಗಿದ್ದಾರೆ, ಅದರಲ್ಲೂ ಮುಂಬೈ-ಠಾಣೆ ಕಡೆಯವರು. ಒಲಿಂಪಿಕ್ಸ್ ರಿದಮಿಕ್‌ಗೆ ಮಾತ್ರ ಭಾರತದಿಂದ ಇನ್ನೂ ಯಾರೂ ಹೋಗಿಲ್ಲ.

ನಮ್ಮ ಮಗಳಿಗೆ ಇಲ್ಲೇ ಕಲಿಸಬಹುದಾ?

ಅಡಿಪಾಯ ಹಾಕಬಹುದು. ಪೂರ್ತಿ ಕಲಿಯಲು ಜಾಗ ಬೇಕು, ಕಲಿಸುವವರು ಬೇಕು. 13 ಮೀಟರ್ ಚೌಕ ಹಾಸುವಷ್ಟು ಹಾಲ್, ಮೇಲೆ ಕನಿಷ್ಠ 8 ಮೀಟರ್ ಎತ್ತರದ ಸೀಲಿಂಗ್. ಶಾಲೆಯ ಹಾಲ್‌ಗಳಲ್ಲಿ ಹೂಪ್ ಎಸೆದರೆ ಫ್ಯಾನ್‌ಗೆ ಸಿಕ್ಕಿಕೊಳ್ಳುತ್ತದೆ. ಮದುವೆ ಕಲ್ಯಾಣ ಮಂಟಪ ಸಾಕಷ್ಟು ದೊಡ್ಡದಿರುತ್ತವೆ, ಆದರೆ ಮುಹೂರ್ತದ ದಿನಗಳಲ್ಲಿ ಯಾರು ಕೊಡುತ್ತಾರೆ?

"ಜಿಮ್ನಾಸ್ಟಿಕ್ಸ್ ಕ್ಲಾಸ್" ಅಂತ ಬೋರ್ಡ್ ಇದ್ದ ಕಡೆ ದುಡ್ಡು ಕಟ್ಟುವ ಮೊದಲು ಕೇಳಿ: ಕಲಿಸುವುದು ರಿದಮಿಕ್ಕಾ, ಆರ್ಟಿಸ್ಟಿಕ್ಕಾ, ಇಲ್ಲ ಏರೋಬಿಕ್ಸಾ? ಕೋಚ್ ತಾವೇ ಈ ಆಟ ಆಡಿದ್ದಾರಾ? ಮಕ್ಕಳನ್ನು ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದಾರಾ? ಪಾಲಕರು ಕುಳಿತು ನೋಡಬಹುದಾ? ಕೊನೆಯ ಪ್ರಶ್ನೆಗೆ "ಬೇಡ" ಅಂದರೆ ಅಲ್ಲಿಂದ ಎದ್ದು ಬನ್ನಿ. ಅಳುವ ಮಗುವಿನ ಕಾಲನ್ನು ಇಬ್ಬರು ಹಿಡಿದು ಸ್ಪ್ಲಿಟ್‌ಗೆ (ಎರಡೂ ಕಾಲು ನೇರ ಚಾಚಿ ನೆಲಕ್ಕೆ ಕೂರುವುದು) ಒತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ತರಬೇತಿ ಅಲ್ಲ.

ಭರತನಾಟ್ಯ ಕಲಿತ ಮಕ್ಕಳಿಗೆ ತಾಳ ಮತ್ತು ಕಣ್ಣು ಮೊದಲೇ ತಯಾರಿರುತ್ತದೆ. ಮಲ್ಲಕಂಬ ಮಾಡುವ ಮಕ್ಕಳಿಗೆ ಕೈ, ಬೆನ್ನು ಗಟ್ಟಿ. ಗದಗ ಕಡೆಯಿಂದ ಬಂದ ಕೆಲವು ಮಲ್ಲಕಂಬದ ಮಕ್ಕಳು ಬೆನ್ನು ಬಗ್ಗಿಸುವುದನ್ನು ನೋಡಿದರೆ ಸುಮ್ನೆ ನೋಡುತ್ತಾ ಕೂರಬೇಕು. ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ (SAI) ತರಬೇತಿ ಕೇಂದ್ರ ಇದೆ, ಅಲ್ಲಿ ಈಗ ಯಾವ ಆಟಗಳಿಗೆ ಆಯ್ಕೆ ನಡೆದಿದೆ ಅಂತ ಒಮ್ಮೆ ಹೋಗಿ ವಿಚಾರಿಸಿ. ಚಿಗರಿ ಬಸ್ ಹತ್ತಿದರೆ ಹುಬ್ಬಳ್ಳಿಯಿಂದ ಎಷ್ಟು ಹೊತ್ತು?

ಯಾವ ವಯಸ್ಸಿಗೆ ಶುರು ಮಾಡಬೇಕು?

ಐದರಿಂದ ಏಳು. 13ರಿಂದ 15 ಜೂನಿಯರ್, ಹದಿನಾರು ತುಂಬುವ ವರ್ಷದಿಂದ ಸೀನಿಯರ್. ಹನ್ನೆರಡಕ್ಕೆ ಶುರು ಮಾಡಿ ದೇಶಕ್ಕೆ ಆಡುವುದು ಬಹಳ ಕಷ್ಟ. ಖುಷಿಗೆ ಕಲಿಯಲು ಯಾವ ವಯಸ್ಸಾದರೂ ನಡೆಯುತ್ತದೆ.

ಖರ್ಚು ಎಷ್ಟು?

ಶುರುವಿನಲ್ಲಿ ಜಾಸ್ತಿ ಇಲ್ಲ. ಹೂಪ್, ಬಾಲ್ ಸಾಕು. ಖರ್ಚು ಏರುವುದು ಸ್ಪರ್ಧೆ ಶುರುವಾದ ಮೇಲೆ: ಪ್ರಯಾಣ, ಕಲ್ಲು ಹಚ್ಚಿದ ಲಿಯೊಟಾರ್ಡ್ (ಮೈಗೆ ಅಂಟುವ ಆಟದ ಡ್ರೆಸ್), ಹೊರದೇಶದಿಂದ ತರಿಸುವ ಕ್ಲಬ್ಸ್. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದರೆ ವರ್ಷಕ್ಕೆ 6.28 ಲಕ್ಷ ರೂಪಾಯಿ ನೆರವಿದೆ. ಅದರಲ್ಲಿ 1.20 ಲಕ್ಷ ಕೈಖರ್ಚಿಗೆ, ಉಳಿದದ್ದು ತರಬೇತಿ, ಊಟ, ವಸತಿಗೆ. ಆದರೆ ಅದು ಆಯ್ಕೆಯಾದ ಮೇಲಿನ ಮಾತು. ಅಲ್ಲಿಯವರೆಗೆ ಮನೆಯವರ ಜೇಬೇ.

ತೆಳ್ಳಗಾಗಲು ಊಟ ಬಿಡಿಸಬೇಕಾ?

ಬೇಡ. ಬೆಳೆಯುವ ಹುಡುಗಿ ದಿನಾ ಗಂಟೆಗಟ್ಟಲೆ ಮೈ ದಂಡಿಸಿ ಹೊಟ್ಟೆ ಖಾಲಿ ಇಟ್ಟರೆ ಮುಟ್ಟು ತಡವಾಗುತ್ತದೆ ಇಲ್ಲವೇ ನಿಂತು ಹೋಗುತ್ತದೆ, ಮೂಳೆ ಸಡಿಲಾಗುತ್ತದೆ, ಸಣ್ಣ ಪೆಟ್ಟಿಗೇ ಬಿರುಕು ಬಿಡುತ್ತದೆ. ಮುಟ್ಟು ಮೂರು ತಿಂಗಳು ಬರದಿದ್ದರೆ ಕೋಚ್ ಏನೇ ಹೇಳಲಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು, ಶೇಂಗಾ ಹಿಂಡಿ, ಇದಕ್ಕಿಂತ ಒಳ್ಳೆಯ ಊಟವನ್ನು ನಾನಂತೂ ಹೇಳಲಾರೆ.

ಆ ಡ್ರೆಸ್‌ಗೆ ನಮ್ಮ ಮನೆಯಲ್ಲಿ ಅಜ್ಜಿ ಒಪ್ಪಲ್ಲ, ಏನು ಮಾಡುವುದು?

ಅಜ್ಜಿಗೆ ನಿಯಮ ತೋರಿಸಿ. ಕಾಲು ಪೂರ್ತಿ ಮುಚ್ಚುವ, ಹಿಮ್ಮಡಿಯವರೆಗೆ ಬರುವ ಡ್ರೆಸ್‌ಗೆ ಅಂತರರಾಷ್ಟ್ರೀಯ ನಿಯಮದಲ್ಲೇ ಅವಕಾಶ ಇದೆ. ತೋಳೂ ಉದ್ದ ಇರಬಹುದು. ಮೈಗೆ ಅಂಟಿಕೊಂಡಿರಬೇಕು ಅಷ್ಟೇ, ಯಾಕೆಂದರೆ ಮೊಣಕಾಲು ನೆಟ್ಟಗಿದೆಯಾ ಅಂತ ಜಡ್ಜ್‌ಗೆ ಕಾಣಬೇಕು. ಹೀಗೆ ಹೇಳಿದ ಮೇಲೆ ಒಬ್ಬರ ಅಜ್ಜಿ ತಾವೇ ಟೇಲರ್ ಹತ್ತಿರ ಹೋದರು.

ಶಾಲೆಯ ಗ್ಯಾದರಿಂಗ್‌ಗೆ (ವಾರ್ಷಿಕೋತ್ಸವಕ್ಕೆ) ರಿಬ್ಬನ್ ಡಾನ್ಸ್ ಮಾಡಬೇಕು. ರಿಬ್ಬನ್ ಮನೆಯಲ್ಲಿ ಹೇಗೆ ಮಾಡುವುದು?

ಸೀನಿಯರ್ ರಿಬ್ಬನ್ 6 ಮೀಟರ್, ಜೂನಿಯರ್ 5 ಮೀಟರ್. ನಿಮಗೆ ಅಷ್ಟು ಬೇಡ. ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳಿಗೆ 3 ಮೀಟರ್ ಸಾಕು. ಹುಬ್ಬಳ್ಳಿಯ ದುರ್ಗದಬೈಲ್ ಮಾರ್ಕೆಟ್‌ನಲ್ಲಿ 4ರಿಂದ 6 ಸೆಂಟಿಮೀಟರ್ ಅಗಲದ ಸ್ಯಾಟಿನ್ ರಿಬ್ಬನ್ ತೆಗೆದುಕೊಳ್ಳಿ. ಹೂಮಾಲೆಗೆ ಕಟ್ಟುವ ಪ್ಲಾಸ್ಟಿಕ್ ರಿಬ್ಬನ್ ಬೇಡ, ಅದು ಗಾಳಿಯಲ್ಲಿ ನಿಲ್ಲದೆ ಮುದ್ದೆಯಾಗುತ್ತದೆ. ಕೋಲು 50ರಿಂದ 60 ಸೆಂಟಿಮೀಟರ್ ಇರಲಿ, ನುಣ್ಣಗೆ ತಿಕ್ಕಿರಲಿ. ರಿಬ್ಬನ್ನನ್ನು ನೇರವಾಗಿ ಕೋಲಿಗೆ ಕಟ್ಟಬೇಡಿ, ತಿರುಗಿಸಿದಾಗ ಹುರಿಗೊಂಡು ಗಂಟಾಗುತ್ತದೆ. ಮೀನಿನ ಗಾಳಕ್ಕೆ ಹಾಕುವ, ಎರಡೂ ತುದಿ ತಿರುಗುವ ಸಣ್ಣ ಸ್ವಿವೆಲ್ ಸಿಗುತ್ತದೆ. ಅದನ್ನು ನಡುವೆ ಹಾಕಿ. ಕೋಲಿನ ಕಡೆಯ ಸ್ವಲ್ಪ ಉದ್ದವನ್ನು ಎರಡು ಪದರ ಮಡಚಿ ಹೊಲಿಸಿದರೆ ಬೀಸಲು ಬಲ ಸಿಗುತ್ತದೆ.

ಕಲಿಸುವಾಗ ಮಣಿಕಟ್ಟಿನಿಂದ ಬೀಸಲು ಹೇಳಿ. ಮಕ್ಕಳು ಇಡೀ ತೋಳನ್ನು ಬೀಸಿ ಪಕ್ಕದವಳ ಕಣ್ಣಿಗೆ ಹೊಡೆಯುತ್ತಾರೆ. ಒಬ್ಬರಿಗೊಬ್ಬರಿಗೆ ನಡುವೆ ಎರಡು ಮಾರು ಜಾಗ ಬಿಡಿ. ರಿಬ್ಬನ್ ತುದಿ ನೆಲಕ್ಕೆ ತಾಗಿ ಸುಮ್ಮನೆ ನಿಲ್ಲಬಾರದು, ಸದಾ ಆಡುತ್ತಿರಬೇಕು. ಮೈದಾನದ ಸ್ಟೇಜ್ ಆದರೆ ಡಿಸೆಂಬರ್ ಸಂಜೆಯ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಮೊದಲೇ ನೋಡಿ, ಆ ಕಡೆಗೆ ಬೆನ್ನು ಮಾಡಿ ನಿಲ್ಲಿಸಿ. ದೊಡ್ಡ ಸ್ಪರ್ಧೆಗಳಲ್ಲೂ ಎಸಿ ಗಾಳಿಗೆ ರಿಬ್ಬನ್ ಕೆಡುತ್ತದೆ ಅಂತ ಜಿಮ್ನಾಸ್ಟ್‌ಗಳು ದೂರುತ್ತಾರೆ. ಒಳಗಿನ ಹಾಲ್ ಆದರೆ ಮುಖ್ಯ ಅತಿಥಿಗಳಿಗೆ ಎಷ್ಟೇ ಸೆಕೆ ಆಗಲಿ, ಆ ಮೂರು ನಿಮಿಷ ಸ್ಟೇಜಿನ ಫ್ಯಾನ್ ಆಫ್ ಮಾಡಿಸಿ. ಇನ್ನೊಂದು ರಿಬ್ಬನ್ ಪರದೆಯ ಪಕ್ಕ ಬಿಚ್ಚಿ ಇಟ್ಟಿರಿ. ಗಂಟಾದರೆ ಬಿಡಿಸುತ್ತಾ ಕೂರದೆ ಅದನ್ನು ಎತ್ತಿಕೊಂಡು ಮುಂದುವರಿಸಲು ಹೇಳಿ. ಒಲಿಂಪಿಕ್ಸ್‌ನಲ್ಲೂ ಹೀಗೇ ಮಾಡುತ್ತಾರೆ.